ಬಂದೂಕು ಹಿಡಿಯದ ಮುಖ್ಯಸ್ಥ: ‘ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಡಿವಿಡಿ ಸೆಟ್ ಕುರಿತು

ಆಷಾಢದ ಮಳೆ ಹಿಡಿದ ಒಂದು ಮಧ್ಯಾಹ್ನ, ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿದ ಪೊಟ್ಟಣವೊಂದನ್ನು ಕೊರಿಯರ್ ಹುಡುಗ ಕಾರವಾರದ ನಮ್ಮ ಮನೆಯ ಜಗಲಿಯ ಮೇಲಿಟ್ಟು ಹೋದ. ಅದರೊಳಗೆ ಇದ್ದದ್ದು ‘ಘೋಸ್ಟ್ ಇನ್ ದ ಶೆಲ್: ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಎಂಬ ಜಪಾನೀ ಅನಿಮೆ ಸರಣಿಯ ಮೊದಲ ಭಾಗದ 26 ಕಂತುಗಳ ಡಿವಿಡಿ ಸೆಟ್, ಅಮೆರಿಕದ ಮಾರುಕಟ್ಟೆಗೆಂದು ಮುದ್ರಿಸಿದ್ದು, ಒಬ್ಬರು ಬಳಸಿ ಮಾರಿದ್ದು. ಬಂದರೊಂದರ ಕಾವಲು ವಿಭಾಗದಲ್ಲಿ 29 ವರ್ಷ ದುಡಿದು ನಿವೃತ್ತನಾದ ನನಗೆ ಕಾರ್ಟೂನಿನ ಗೀಳು ಯಾವ ಕಾಲಕ್ಕೂ ಇರಲಿಲ್ಲ. ಧಾರವಾಡದಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ರಜೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಇದರ ಒಂದು ಕಂತನ್ನು ತೋರಿಸಿ, “ಮಾವಾ, ಈ ಅಜ್ಜನನ್ನು ನೋಡಿ, ನಿಮ್ಮ ಹಳೆಯ ಸಾಹೇಬರ ಕಥೆ ಹೇಳುತ್ತಿದ್ದಿರಲ್ಲ, ಹಾಗೆಯೇ ಇದ್ದಾರೆ” ಎಂದ. ಆ ಅಜ್ಜನಿಗಾಗಿಯೇ ನಾನು ಈ ಸೆಟ್ ತರಿಸಿದೆ. ಈ ವಿಮರ್ಶೆಯೂ ಬಹುಪಾಲು ಅವರನ್ನು ಕುರಿತದ್ದೇ.

ಅವರ ಹೆಸರು ದೈಸುಕೆ ಅರಾಮಾಕಿ. ‘ಸಾರ್ವಜನಿಕ ಭದ್ರತಾ ವಿಭಾಗ 9’ ಎಂಬ ಗುಪ್ತ ದಳದ ಮುಖ್ಯಸ್ಥರು. ಮಸಮುನೆ ಶಿರೋ ಅವರು 1989ರಲ್ಲಿ ಪತ್ರಿಕೆಯೊಂದರಲ್ಲಿ ಬರೆಯತೊಡಗಿದ ಕಾಮಿಕ್ಸ್ ಕಥೆಯಲ್ಲಿ ಈ ಪಾತ್ರ ಮೊದಲು ಕಾಣಿಸಿಕೊಂಡಿತು. 1995ರಲ್ಲಿ ಮಮೊರು ಓಶಿಯಿ ಅದನ್ನು ಚಲನಚಿತ್ರ ಮಾಡಿದರು. 2002ರಲ್ಲಿ ಕೆಂಜಿ ಕಮಿಯಾಮಾ ಅವರ ನಿರ್ದೇಶನದಲ್ಲಿ, ಪ್ರೊಡಕ್ಷನ್ ಐಜಿ ಸ್ಟುಡಿಯೋದಿಂದ ಟಿವಿ ಸರಣಿಯಾಗಿ ಹೊರಬಂದದ್ದೇ ಈ ಸೆಟ್‌ನಲ್ಲಿರುವುದು. ಕಥೆ ನಡೆಯುವುದು 2030ರಲ್ಲಿ. ಮನುಷ್ಯರ ಮಿದುಳು ನೇರವಾಗಿ ಜಾಲಕ್ಕೆ ಜೋಡಣೆಯಾಗಿದೆ, ಅನೇಕರ ದೇಹದ ಬಹುಭಾಗ ಯಂತ್ರವಾಗಿದೆ, ಒಬ್ಬನ ಕಣ್ಣಿಗೆ ಕಾಣುವುದನ್ನು ಇನ್ನೊಬ್ಬ ದೂರದಿಂದಲೇ ಬದಲಿಸಬಲ್ಲ. ಇಂಥ ಲೋಕದಲ್ಲಿ ಅರಾಮಾಕಿ ಬೊಕ್ಕ ತಲೆಯ, ಕಿವಿಗಳ ಪಕ್ಕದಲ್ಲಿ ಬಿಳಿಗೂದಲು ರೆಕ್ಕೆಯಂತೆ ಎದ್ದು ನಿಂತ, ಕುಳ್ಳಗಿನ ಮುದುಕ. ಅವರ ಕೈಕೆಳಗಿನವರು ಬೆನ್ನ ಹಿಂದೆ ‘ಮಂಗನ ಮುಖದ ಮುದುಕ’ ಎನ್ನುತ್ತಾರೆ. ಗೋಡೆ ಏರುವ, ಗುಂಡಿಗೆ ಎದೆಯೊಡ್ಡುವ ಯಂತ್ರದೇಹ ಅವರಿಗಿಲ್ಲ. ಆದರೂ ಆ ದಳದಲ್ಲಿ ಅವರ ಮಾತನ್ನು ಮೀರುವವರಿಲ್ಲ.

ಜಪಾನೀ ಧ್ವನಿಯಲ್ಲಿಯೇ ಇದನ್ನು ನೋಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಒಂದು ಕಾರಣವಿದೆ. ದಳದವರು ಅರಾಮಾಕಿಯವರನ್ನು ‘ಕಚೋ’ ಎಂದು ಕರೆಯುತ್ತಾರೆ. ಇಂಗ್ಲಿಷ್ ಉಪಶೀರ್ಷಿಕೆಯಲ್ಲಿ ಅದು ‘ಚೀಫ್’ ಎಂದಾಗಿದೆ. ಓದಿದ ಕೂಡಲೇ ದೊಡ್ಡ ಪೊಲೀಸ್ ಅಧಿಕಾರಿಯೊಬ್ಬರ ಚಿತ್ರ ಮನಸ್ಸಿಗೆ ಬರುತ್ತದೆ. ಆದರೆ ‘ಕಚೋ’ ಎಂದರೆ ವಿಭಾಗದ ಮೇಲಧಿಕಾರಿ. ಜಪಾನಿನ ಕಂಪನಿಗಳಲ್ಲಿ, ನಗರಾಡಳಿತದ ಕಚೇರಿಗಳಲ್ಲಿ ಮೇಜಿನ ಹಿಂದೆ ಕೂತು ಕಡತಕ್ಕೆ ಸಹಿ ಹಾಕುವವರಿಗೂ ಅದೇ ಹೆಸರು. ದಳದ ನಾಯಕಿ ಮೊತೊಕೊ ಕುಸನಾಗಿಯನ್ನು ಎಲ್ಲರೂ ‘ಶೋಸಾ’, ಅಂದರೆ ಮೇಜರ್, ಎಂದು ಸೈನ್ಯದ ಪದವಿಯಿಂದ ಕರೆಯುವಾಗ, ಆಕೆಯ ಮೇಲಿನವರನ್ನು ಕಚೇರಿಯ ಪದವಿಯಿಂದ ಕರೆಯುತ್ತಾರೆ. ಸರಣಿಯವರು ಈ ಪಾತ್ರವನ್ನು ಎಲ್ಲಿ ನಿಲ್ಲಿಸಿದ್ದಾರೆ ಎಂಬುದು ಈ ಒಂದು ಸಂಬೋಧನೆಯಲ್ಲೇ ತಿಳಿಯುತ್ತದೆ. ಒಸಾಮು ಸಾಕಾ ಅವರ ಧ್ವನಿ ಒಣಗಿದ ಹಲಗೆಯಂತೆ ಗಟ್ಟಿ. ಅವಸರದ ಘಳಿಗೆಯಲ್ಲೂ ಏರುವುದಿಲ್ಲ. ಇಂಗ್ಲಿಷಿನಲ್ಲಿ ವಿಲಿಯಂ ನೈಟ್ ಅವರ ಧ್ವನಿಯೂ ಒಳ್ಳೆಯದೇ. ಉಪಶೀರ್ಷಿಕೆ ಓದಲು ಕಷ್ಟಪಡುವ ಹಿರಿಯರು ಅದನ್ನು ಧಾರಾಳವಾಗಿ ಆರಿಸಿಕೊಳ್ಳಬಹುದು. ಮೇಲೆ ಹೇಳಿದ ಸೂಕ್ಷ್ಮ ಮಾತ್ರ ಅದರಲ್ಲಿ ಸಿಗುವುದಿಲ್ಲ.

ಕಾವಲು ಕೆಲಸ ಮಾಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಗೇಟಿನಲ್ಲಿ ನಿಂತವನಿಗೆ ಕಳ್ಳನಿಗಿಂತ ಫೋನಿನ ಭಯ ಹೆಚ್ಚು. ತೊಂಬತ್ತರ ದಶಕದ ಒಂದು ಜೂನ್ ರಾತ್ರಿ, ಹೊರಹೋಗುವ ಗೇಟಿನಲ್ಲಿ ನಾನು ಪಾಳಿಯಲ್ಲಿದ್ದಾಗ ಒಂದು ಲಾರಿ ಬಂತು. ಗೇಟ್ ಪಾಸ್ ಸರಿಯಾಗಿತ್ತು, ಸಹಿ, ಸೀಲು ಎಲ್ಲವೂ ಇದ್ದವು. ಆದರೆ ವೇಬ್ರಿಜ್ಜಿನ ಚೀಟಿಯ ತೂಕಕ್ಕೂ ಪಾಸಿನ ತೂಕಕ್ಕೂ ತಾಳೆಯಾಗಲಿಲ್ಲ. ನಾನು ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿದ ಹತ್ತು ನಿಮಿಷಕ್ಕೆ, ಬಿಟ್ಟುಬಿಡು ಎಂದು ಮೇಲಿನಿಂದ ಫೋನ್ ಬಂತು. ನಮ್ಮ ಸಾಹೇಬರಿಗೆ ತಿಳಿಸಿದೆ. ಅವರು ರೇನ್‌ಕೋಟ್ ಹಾಕಿಕೊಂಡು ನಡೆದೇ ಬಂದರು, ನನ್ನನ್ನು ಏನನ್ನೂ ಕೇಳಲಿಲ್ಲ. ರಿಜಿಸ್ಟರ್ ತೆಗೆದು, ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನು ನನ್ನ ಟವೆಲಿನಲ್ಲಿ ಒರೆಸಿಕೊಂಡು, ‘ನನ್ನ ಆದೇಶದಂತೆ ವಾಹನ ತಡೆಹಿಡಿಯಲಾಗಿದೆ’ ಎಂದು ಬರೆದು, ವೇಳೆ ನಮೂದಿಸಿ ಸಹಿ ಮಾಡಿದರು. ಆ ಸಹಿ ಬಿದ್ದ ಮೇಲೆ ಆ ರಾತ್ರಿಯ ಹೊಣೆ ನನ್ನದಾಗಿ ಉಳಿಯಲಿಲ್ಲ. 2010ರಲ್ಲಿ ಬೇಲೆಕೇರಿ ಬಂದರಿನಿಂದ ಜಪ್ತಾದ ಕಬ್ಬಿಣದ ಅದಿರೇ ಕಾಣೆಯಾದದ್ದನ್ನು ಕಂಡ ನಮ್ಮ ಜಿಲ್ಲೆಯ ಜನರಿಗೆ, ಅಂಥ ಒಂದು ಸಹಿಯ ಬೆಲೆ ಎಷ್ಟೆಂದು ವಿವರಿಸಬೇಕಾಗಿಲ್ಲ.

ಅರಾಮಾಕಿ ಇಡೀ ಸರಣಿಯಲ್ಲಿ ಮಾಡುವ ಕೆಲಸ ಅದೇ. ಹೊಡೆದಾಟದ ದೃಶ್ಯಗಳು ಸಾಕಷ್ಟಿವೆ; ಅವುಗಳನ್ನು ಮೆಚ್ಚುವವರು ಮೆಚ್ಚಲಿ. ನಾನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದ್ದು ಅವರು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮಾತಾಡುವ, ಮಂತ್ರಿಗಳ ಕೋಣೆಯಲ್ಲಿ ನಿಂತು ಕೇಳಿಸಿಕೊಳ್ಳುವ ದೃಶ್ಯಗಳನ್ನು. ಮೊದಲ ಕಂತನ್ನೇ ತೆಗೆದುಕೊಳ್ಳಿ. ಗೇಶಾ ರೂಪದ ಯಂತ್ರಗಳು ಕೆಟ್ಟು, ಭೋಜನಕೂಟದಲ್ಲಿ ವಿದೇಶಾಂಗ ಮಂತ್ರಿಯನ್ನು ಒತ್ತೆಯಿಟ್ಟುಕೊಂಡಿವೆ. ದಳದವರು ನುಗ್ಗುತ್ತಾರೆ, ಮಂತ್ರಿಯನ್ನು ಬಿಡಿಸುತ್ತಾರೆ. ಸಾಮಾನ್ಯ ಪತ್ತೇದಾರಿ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಕಚೋ ಅವರಿಗೆ ಸಮಾಧಾನವಾಗುವುದಿಲ್ಲ. ಸೇನಾ ಗುಪ್ತಚರ ವಿಭಾಗದ ತಮ್ಮ ಹಳೆಯ ಸ್ನೇಹಿತ ಕುಬೋತಾ ಹೇಳಿದ ಮಾತೊಂದನ್ನು, ಆ ಮಂತ್ರಿ ಇದ್ದಕ್ಕಿದ್ದಂತೆ ಒಂದು ರಹಸ್ಯ ವರದಿಯನ್ನು ಕೇಳಿದ್ದಾರೆಂಬುದನ್ನು, ಅವರು ಘಟನೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಬಿಡಿಸಿ ತಂದ ದೇಹದೊಳಗಿರುವ ಮಿದುಳು ಮಂತ್ರಿಯದ್ದೇ ಹೌದೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ. ಪಾಸಿನ ತೂಕಕ್ಕೂ ಚೀಟಿಯ ತೂಕಕ್ಕೂ ತಾಳೆ ನೋಡುವ ಬುದ್ಧಿ ಇದು. ವರದಿಯೊಂದಿಗೆ ದೇಶ ಬಿಡಲು ಹೊರಟವನನ್ನು ವಿಮಾನ ನಿಲ್ದಾಣದಲ್ಲಿ ತಡೆಯುವುದು ಕುಸನಾಗಿಯ ಚುರುಕುತನ ನಿಜ. ಆಕೆಯನ್ನು ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದು ಹಳೆಯ ಸ್ನೇಹಿತರಿಬ್ಬರ ನಡುವಿನ ನಂಬಿಕೆ.

ತೂಕದ ಮಾತು ಬಂದದ್ದರಿಂದ 1995ರ ಚಲನಚಿತ್ರದ ಒಂದು ದೃಶ್ಯವನ್ನೂ ಹೇಳಿಬಿಡುತ್ತೇನೆ, ಅದು ಈ ಸೆಟ್‌ನಲ್ಲಿ ಇಲ್ಲದಿದ್ದರೂ. ಇನ್ನೊಂದು ವಿಭಾಗದ ಅಧಿಕಾರಿಗಳು ಕಾರಿನಲ್ಲಿ ಬಂದಿಳಿದಾಗ, ದಳದ ತೊಗುಸಾ ಎಂಬವನು ವಾಹನ ನಿಲ್ದಾಣದ ನೆಲದಲ್ಲಿ ಹುದುಗಿಸಿದ ಒತ್ತಡಮಾಪಕದ ದಾಖಲೆಯನ್ನು ನೋಡಿ, ಕಣ್ಣಿಗೆ ಕಂಡವರಿಗಿಂತ ಹೆಚ್ಚು ತೂಕ ಒಳಗೆ ಬಂದಿದೆ ಎಂದು ಹಿಡಿಯುತ್ತಾನೆ. ಕಾಣದಂತೆ ಮರೆಸಿಕೊಂಡ ಜನರು ಅವರೊಂದಿಗೆ ಬಂದಿರುತ್ತಾರೆ. ವೇಬ್ರಿಜ್ಜಿನ ಪಕ್ಕದಲ್ಲಿ ಅರ್ಧ ಆಯುಷ್ಯ ಕಳೆದ ನನಗೆ ಆ ದೃಶ್ಯ ಕಂಡಾಗ ಮೈ ಜುಮ್ಮೆಂದಿತು. ದಳದಲ್ಲಿ ತೊಗುಸಾ ಒಬ್ಬನೇ ಪೊಲೀಸ್ ಇಲಾಖೆಯಿಂದ ಬಂದವನು, ಹೆಂಡತಿ ಮಕ್ಕಳಿರುವವನು, ಹೆಚ್ಚುಕಡಿಮೆ ಹುಟ್ಟಿದ ದೇಹದಲ್ಲೇ ಬದುಕುವವನು. ಯಂತ್ರದೇಹದ ಸೈನಿಕರ ನಡುವೆ ಅಂಥವನಿಗೆ ಜಾಗ ಕೊಟ್ಟಿರುವ ಮುಖ್ಯಸ್ಥರಿಗೆ ಮನುಷ್ಯರ ಪರಖು ಇದೆ ಎಂದೇ ಅರ್ಥ.

ಈ 26 ಕಂತುಗಳಲ್ಲಿ 14 ಬಿಡಿ ಕಥೆಗಳು, 12 ಒಂದಕ್ಕೊಂದು ಹೆಣೆದುಕೊಂಡವು. ಹೆಣೆದುಕೊಂಡ ಕಂತುಗಳ ನಡುವಿರುವುದು ‘ನಗುವ ಮನುಷ್ಯ’ ಎಂಬ ಅಜ್ಞಾತ ಹ್ಯಾಕರ್‌ನ ಪ್ರಕರಣ. ಆರು ವರ್ಷಗಳ ಹಿಂದೆ ವೈದ್ಯಕೀಯ ಸೂಕ್ಷ್ಮಯಂತ್ರ ತಯಾರಿಸುವ ಸೆರಾನೋ ಜಿನೋಮಿಕ್ಸ್ ಎಂಬ ಕಂಪನಿಯ ಒಡೆಯನನ್ನು ಅವನು ಟಿವಿ ಕ್ಯಾಮೆರಾದ ಮುಂದೆ ನಿಲ್ಲಿಸಿ ಸತ್ಯ ಹೇಳೆಂದು ಬೆದರಿಸಿದ್ದ. ಸುತ್ತಲಿದ್ದ ಎಲ್ಲರ ಕಣ್ಣಲ್ಲೂ ತನ್ನ ಮುಖದ ಜಾಗದಲ್ಲಿ ನಗುವ ಚಿಹ್ನೆಯೊಂದು ಕಾಣುವಂತೆ ಮಾಡಿದ್ದ. ಬಗೆದಷ್ಟೂ ಅದರ ಬೇರು ಮಿದುಳಿನ ಕಾಯಿಲೆಯೊಂದಕ್ಕೆ ಫಲ ಕೊಡುತ್ತಿದ್ದ ಲಸಿಕೆಯನ್ನು ಲಾಭಕ್ಕಾಗಿ ಮೂಲೆಗೊತ್ತಿದ ಜನರವರೆಗೆ, ಆಳುವ ಪಕ್ಷದ ಒಳಮನೆಯವರೆಗೆ ಹೋಗುತ್ತದೆ. ಹೆಸರುಗಳು, ಇಲಾಖೆಗಳು, ವರ್ಷಗಳು ಒಂದರ ಮೇಲೊಂದು ಬೀಳುವುದರಿಂದ ಮೊದಲ ಸಲ ನೋಡುವವರಿಗೆ ತಲೆ ಗಿರ್ರೆನ್ನುತ್ತದೆ. ನಾನು ನೋಟುಪುಸ್ತಕ ಪಕ್ಕದಲ್ಲಿಟ್ಟುಕೊಂಡು ನೋಡಿದೆ. 9ನೆಯ ಕಂತು ಇಡಿಯಾಗಿ ಜಾಲದ ಒಂದು ಚರ್ಚಾಕೂಟದಲ್ಲಿ ಕೂತವರ ಮಾತೇ ಆಗಿದ್ದು, ನನಗೆ ಅದು ಬೇಸರ ತಂದಿತು.

ಬಿಡಿ ಕಥೆಗಳಲ್ಲಿ 17ನೆಯದು ಅರಾಮಾಕಿಯವರದ್ದೇ. ಭಯೋತ್ಪಾದನೆ ತಡೆಯ ಸಭೆಗೆಂದು ಲಂಡನ್ನಿಗೆ ಹೋದವರು, ವೈನ್ ಮೇಲೆ ಹಣ ಹೂಡಿಸುವ ಸಂಸ್ಥೆ ನಡೆಸುವ ಹಳೆಯ ಪರಿಚಯದ ಮಹಿಳೆಯೊಬ್ಬರನ್ನು ಕಾಣಲು ಹೋಗುತ್ತಾರೆ. ಅಷ್ಟರಲ್ಲೇ ದರೋಡೆಕೋರರು ನುಗ್ಗುತ್ತಾರೆ. ಕೈಯಲ್ಲಿ ಆಯುಧವಿಲ್ಲ, ಪರದೇಶ, ಕುಸನಾಗಿ ಹೊರಗಿದ್ದಾಳೆ. ಅವರು ಮೊದಲು ಮಾಡುವ ಕೆಲಸ ನೋಡುವುದು. ಬಂದೂಕು ಹಿಡಿದವರು ಪಳಗಿದವರಲ್ಲ, ಹೆದರಿದವರು ಎಂದು ಅವರಿಗೆ ಬೇಗ ತಿಳಿಯುತ್ತದೆ. ಹೊರಗೆ ಮುತ್ತಿಗೆ ಹಾಕಿದ ಪೊಲೀಸರಿಗೆ ಇವರನ್ನು ಜೀವಸಹಿತ ಹಿಡಿಯುವ ಮನಸ್ಸಿಲ್ಲ ಎಂಬುದೂ ತಿಳಿಯುತ್ತದೆ. ಆಮೇಲೆ ಒತ್ತೆಯಾಳಾಗಿದ್ದ ಮುದುಕನೇ ದರೋಡೆಕೋರರಿಗೆ ಉಪಾಯ ಹೇಳತೊಡಗುತ್ತಾನೆ. ಧ್ವನಿ ಎತ್ತದೆ, ಬೆದರಿಸದೆ, ಹೆದರಿದ ಮನುಷ್ಯನ ಹತ್ತಿರ ಹೇಗೆ ಮಾತಾಡಬೇಕೆಂಬುದನ್ನು ನಾನು ತರಬೇತಿ ಶಿಬಿರಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಇಷ್ಟು ಚೆನ್ನಾಗಿ ಕಂಡದ್ದು ಈ ಕಂತಿನಲ್ಲಿ. ಆ ಮಹಿಳೆಯ ಮತ್ತು ಅವರ ನಡುವೆ ಹಿಂದೆ ಏನಿತ್ತೆಂಬುದನ್ನು ಕಥೆ ಬಾಯಿಬಿಟ್ಟು ಹೇಳುವುದಿಲ್ಲ. ಪೀಪಾಯಿಯಲ್ಲಿ ಇಟ್ಟ ಮದ್ಯದಲ್ಲಿ ವರ್ಷ ವರ್ಷ ಆವಿಯಾಗಿ ಹೋಗುವ ಪಾಲಿಗೆ ಅಲ್ಲಿಯವರು ‘ದೇವದೂತರ ಪಾಲು’ ಎನ್ನುತ್ತಾರೆ, ಅದೇ ಈ ಕಂತಿನ ಶೀರ್ಷಿಕೆ. ಅದರ ಮರುಕಂತಿನಲ್ಲಿ ತೀರಿಹೋದ ಸ್ನೇಹಿತನ ಮಗನ ವಿಷಯದಲ್ಲಿ ಇದೇ ಮನುಷ್ಯನಿಗೆ ಕರ್ತವ್ಯವೂ ಹಳೆಯ ಋಣವೂ ಎದುರುಬದುರಾಗುತ್ತವೆ. ಎರಡನ್ನೂ ಒಂದೇ ಸಂಜೆ ನೋಡುವುದು ಒಳ್ಳೆಯದು.

ಕೊನೆಯ ಕಂತುಗಳ ಬಗ್ಗೆ ಹೆಚ್ಚು ಹೇಳಿದರೆ ನೋಡುವವರ ಸುಖ ಕೆಡುತ್ತದೆ; ಹೇಳದಿದ್ದರೆ ಪಾತ್ರದ ಪೂರ್ಣ ಅಳತೆ ಸಿಗುವುದಿಲ್ಲ. ಪ್ರಕರಣ ಅಧಿಕಾರದ ತುದಿಗೆ ಮುಟ್ಟಿದಾಗ ಸರ್ಕಾರ ತನ್ನದೇ ದಳವನ್ನು ಕೈಬಿಡುತ್ತದೆ. ಸೇನೆಯ ವಿಶೇಷ ಪಡೆ ಅವರ ಕಟ್ಟಡಕ್ಕೆ ನುಗ್ಗುತ್ತದೆ, ಒಬ್ಬೊಬ್ಬರನ್ನಾಗಿ ಬೇಟೆಯಾಡುತ್ತದೆ. ಆ ಹೊತ್ತಿನಲ್ಲಿ ಕಚೋ ತಮ್ಮವರ ಜೊತೆ ಇಲ್ಲ. ಮೊದಲ ಸಲ ನೋಡಿದಾಗ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಮುಖ್ಯಸ್ಥನಾದವನು ಇಂಥ ರಾತ್ರಿ ಗೇಟಿನಲ್ಲಿ ಇರಬೇಕಲ್ಲವೇ ಎಂದು ಅಳಿಯನ ಹತ್ತಿರ ಜೋರಾಗಿಯೇ ಹೇಳಿದೆ. ಅವನು ಸುಮ್ಮನಿದ್ದ, ಕೊನೆಯ ಕಂತಿನ ತನಕ ತಾಳಿ ಎಂದಷ್ಟೇ ಹೇಳಿದ. ಕೊನೆಯ ಕಂತಿನಲ್ಲಿ, ಎಲ್ಲ ಮುಗಿಯಿತೆಂದು ಬಗೆದ ತೊಗುಸಾ ಒಬ್ಬನೇ ಪಿಸ್ತೂಲು ಹಿಡಿದು ಸೇಡಿಗೆ ಹೊರಟಾಗ ದಳದ ಸಂಗಾತಿ ಬಾಟೋ ಅವನನ್ನು ತಡೆದು ಕರೆತರುತ್ತಾನೆ, ಅಲ್ಲಿ ಅರಾಮಾಕಿ ಇರುತ್ತಾರೆ, ಉಳಿದವರೂ ಇರುತ್ತಾರೆ. ಗುಂಡಿನ ಕಾಳಗದಲ್ಲಿ ತಮ್ಮ ಒಂದು ಪ್ರಾಣ ಹೆಚ್ಚು ಕೊಟ್ಟು ಪ್ರಯೋಜನವಿಲ್ಲವೆಂದು ತಿಳಿದ ಮನುಷ್ಯ, ತಾನು ಸೋತವನಂತೆ ಕಾಣಲು ಒಪ್ಪಿ, ತನ್ನವರು ಬದುಕುಳಿಯುವ ದಾರಿಯನ್ನು ಹಿಂದಿನಿಂದ ಕಟ್ಟಿದ್ದ. ನನ್ನ ಸಿಟ್ಟು ತಪ್ಪಾಗಿತ್ತು. ಆ ಕೊನೆಯ ಕಂತನ್ನು ಮರುದಿನ ಬೆಳಗ್ಗೆ ಚಹಾ ಕುಡಿಯುತ್ತಾ ಇನ್ನೊಮ್ಮೆ ನೋಡಿದೆ. ಅದರಲ್ಲೇ, ಇಷ್ಟೆಲ್ಲ ಕೋಲಾಹಲಕ್ಕೆ ಕಾರಣನಾದ ಹುಡುಗನನ್ನು ಗ್ರಂಥಾಲಯದಲ್ಲಿ ಕಂಡು, ನಮ್ಮ ದಳಕ್ಕೆ ಬರುತ್ತೀಯಾ ಎಂದು ಅವರು ಕೇಳುವ ಒಂದು ಸಣ್ಣ ದೃಶ್ಯವಿದೆ. ಹುಡುಗ ಒಪ್ಪುವುದಿಲ್ಲ. ಅವರು ಒತ್ತಾಯಿಸುವುದೂ ಇಲ್ಲ.

2017ರ ಹಾಲಿವುಡ್ ಚಿತ್ರದಲ್ಲಿ ಈ ಪಾತ್ರವನ್ನು ತಕೇಶಿ ಕಿತಾನೋ ಮಾಡಿದ್ದಾರೆ. ಸುತ್ತಲಿನವರೆಲ್ಲ ಇಂಗ್ಲಿಷ್ ಆಡಿದರೂ ಅವರು ಜಪಾನಿಯಲ್ಲೇ ಮಾತಾಡುತ್ತಾರೆ. ಆ ಠೀವಿ ಚೆನ್ನಾಗಿದೆ. ಆದರೆ ಅಲ್ಲಿ ಅವರ ಕೈಗೆ ರಿವಾಲ್ವರ್ ಕೊಟ್ಟು, ಬ್ರೀಫ್‌ಕೇಸನ್ನು ಗುರಾಣಿ ಮಾಡಿಸಿ, ಕೊಲ್ಲಲು ಬಂದವರನ್ನು ಅವರಿಂದಲೇ ಹೊಡೆಸುತ್ತಾರೆ. ಸಿನಿಮಾ ಮಂದಿರದಲ್ಲಿ ಅದಕ್ಕೆ ಸಿಳ್ಳೆ ಬೀಳಬಹುದು. ಮುಖ್ಯಸ್ಥನೇ ಗುಂಡು ಹಾರಿಸಬೇಕಾದ ದಿನ ಕಾವಲು ವ್ಯವಸ್ಥೆ ಅದಾಗಲೇ ಮುರಿದುಬಿದ್ದಿರುತ್ತದೆ ಎಂಬುದು ಈ ಕೆಲಸದಲ್ಲಿದ್ದವರಿಗೆಲ್ಲ ಗೊತ್ತು. ಟಿವಿ ಸರಣಿಯ ಅರಾಮಾಕಿಯೇ ನನ್ನ ಮಟ್ಟಿಗೆ ನಿಜವಾದ ಅರಾಮಾಕಿ.

ಇನ್ನು ವಸ್ತುವಿನ ವಿಷಯ. ಡಿವಿಡಿಗಳಿಗೆ ಪ್ರದೇಶ ಸಂಖ್ಯೆ ಇರುತ್ತದೆ: ಅಮೆರಿಕಕ್ಕೆ 1, ಜಪಾನಿಗೆ 2, ಭಾರತಕ್ಕೆ 5. ಮಾರಿದವರು ತಮ್ಮ ವಿವರಣೆಯಲ್ಲಿ ಇದರ ಬಗ್ಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಕೇಳಿದ್ದಕ್ಕೆ ಎಲ್ಲ ಕಡೆ ಓಡುತ್ತದೆ ಎಂದಿದ್ದರು. ನಮ್ಮ ಟಿವಿಯ ಕೆಳಗಿನ ಪ್ಲೇಯರ್ ಮೊದಲ ಡಿಸ್ಕನ್ನು ಒಳಗೆಳೆದುಕೊಂಡು, ಪ್ರದೇಶ ತಪ್ಪಾಗಿದೆ ಎಂದು ತೋರಿಸಿ ಹೊರಗೆ ಹಾಕಿತು. ಹಣ ಹಿಂದಿರುಗಿಸಲು ಅವರು ಒಪ್ಪಲಿಲ್ಲ. ಡಿಸ್ಕಿಗಿಂತ ಸಾಗಣೆ ಮತ್ತು ಸುಂಕಕ್ಕೇ ಹೆಚ್ಚು ಖರ್ಚಾಗಿದ್ದ ಕಾರಣ ಮರಳಿ ಕಳಿಸುವುದರಲ್ಲಿಯೂ ಅರ್ಥವಿರಲಿಲ್ಲ. ಕಂಪ್ಯೂಟರಿಗೆ ಜೋಡಿಸುವ ಡಿವಿಡಿ ಡ್ರೈವ್‌ನಲ್ಲಿ ಈ ಸಂಖ್ಯೆಯನ್ನು ಐದು ಸಲ ಬದಲಿಸಬಹುದು, ಐದನೆಯದು ಖಾಯಂ ಆಗಿ ಉಳಿಯುತ್ತದೆ. ಆ ದಾರಿಯಿಂದ ನಾನು ನೋಡಿದೆ. ಕೊಳ್ಳುವವರು ಪೆಟ್ಟಿಗೆಯ ಹಿಂಬದಿಯ ಚಿತ್ರ ಕೇಳಿ ತರಿಸಿಕೊಳ್ಳಲಿ. ಗೋಲದ ಗುರುತಿನೊಳಗೆ ಆ ಅಂಕಿ ಮುದ್ರಿಸಿರುತ್ತದೆ.

ಚಿತ್ರ ಅಗಲ ಪರದೆಯದ್ದೇ. ಆದರೆ ಡಿವಿಡಿಯ ನಿಲುವು 480 ಗೆರೆಗಳಷ್ಟೇ ಆದ್ದರಿಂದ, ಇಂದಿನ ದೊಡ್ಡ ಟಿವಿಯಲ್ಲಿ ಗೆರೆಗಳ ಅಂಚು ಮಾಸಿದಂತೆ ಕಾಣುತ್ತದೆ; ಲ್ಯಾಪ್‌ಟಾಪಿನಲ್ಲಿ ತೊಂದರೆಯಿಲ್ಲ. ರಾತ್ರಿಯ ದೃಶ್ಯಗಳಲ್ಲಿ ಕಪ್ಪು ಬಣ್ಣ ಚೆನ್ನಾಗಿ ಉಳಿದಿದೆ. ಯೋಕೋ ಕನ್ನೋ ಅವರ ಸಂಗೀತಕ್ಕಾಗಿ ಹೆಡ್‌ಫೋನ್ ಹಾಕಿಕೊಳ್ಳಿ, ಅದರಲ್ಲೂ ರಷ್ಯನ್ ಸಾಲುಗಳಿರುವ ಆರಂಭಗೀತೆಗೆ. ನನಗೆ ಬಂದ ಡಿಸ್ಕುಗಳಲ್ಲಿ ಒಂದರ ಮೇಲೆ ಗೀರು ಬಿದ್ದಿದ್ದು, ಒಂದು ಕಂತಿನ ನಡುವೆ ಚಿತ್ರ ಕೆಲವು ಕ್ಷಣ ನಿಲ್ಲುತ್ತದೆ. ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ರಟ್ಟಿನ ಹೊರಪೆಟ್ಟಿಗೆಗೆ ಬೂಸ್ಟು ಹಿಡಿಯದೆ ಇರುವುದಿಲ್ಲ. ನಾನು ಎರಡನೆಯ ವಾರದಲ್ಲೇ ಮೂಲೆಯಲ್ಲಿ ಬಿಳಿ ಚುಕ್ಕೆ ಕಂಡು, ಡಿಸ್ಕುಗಳನ್ನು ಬೇರೆ ತೆಗೆದು, ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣಗಳ ಜೊತೆ ಇಟ್ಟಿದ್ದೇನೆ.

ಇಷ್ಟು ತೊಂದರೆಪಟ್ಟರೂ ಕೊಂಡದ್ದಕ್ಕೆ ನನಗೆ ಖೇದವಿಲ್ಲ. ಬಂದರಿನಲ್ಲಿ, ಕಾರ್ಖಾನೆಯ ಗೇಟಿನಲ್ಲಿ, ಬ್ಯಾಂಕಿನ ಬಾಗಿಲಲ್ಲಿ ರಾತ್ರಿ ಪಾಳಿ ಮಾಡಿದ ಯಾರಾದರೂ ನಮ್ಮ ಊರಿನಲ್ಲಿ ಇದನ್ನು ನೋಡಬಯಸಿದರೆ, 1ನೆಯ ಕಂತಿನ ಬಳಿಕ 17 ಮತ್ತು 18ನ್ನು ನೋಡಿ, ಹಿಡಿಸಿದರೆ ಮಾತ್ರ ಮೊದಲಿನಿಂದ ಪೂರ್ತಿ ನೋಡಲಿ. ಎರಡನೆಯ ಭಾಗದ 26 ಕಂತುಗಳನ್ನೂ ತರಿಸೋಣವೆಂದು ಅಳಿಯ ಹಟ ಹಿಡಿದಿದ್ದಾನೆ. ಅದರಲ್ಲಿ ಅರಾಮಾಕಿಯವರು ಹೊಸ ಪ್ರಧಾನಿಯ ಕೆಳಗೆ ಕೆಲಸ ಮಾಡಬೇಕಾಗುತ್ತದಂತೆ. ನನ್ನ ಡ್ರೈವ್‌ನಲ್ಲಿ ಮೂರು ಬದಲಾವಣೆ ಆಗಲೇ ಮುಗಿದಿವೆ, ನಡುವೆ ಇಲ್ಲಿ ಕೊಂಡ ಒಂದು ಇಂಗ್ಲಿಷ್ ಸಿನಿಮಾ ನೋಡಲು 5ಕ್ಕೆ ತಿರುಗಿಸಿ ಮತ್ತೆ 1ಕ್ಕೆ ತಂದದ್ದರಿಂದ. ಇನ್ನು ಅದನ್ನು 1ರಲ್ಲೇ ಬಿಡುತ್ತೇನೆ. ಇಲ್ಲಿಯ ಡಿಸ್ಕುಗಳಿಗೆ ಟಿವಿಯ ಕೆಳಗಿನ ಹಳೆಯ ಪ್ಲೇಯರ್ ಇದ್ದೇ ಇದೆ.